ರೋಗಿಗಾಗಿ ಪಯಣಿಸುವ ವೈದ್ಯರು

ಕೇಳುಗರೇ, ನಮಸ್ಕಾರ.

ವೈದ್ಯರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮದ್ದು ಕೊಡುವವರ ಚಿತ್ರ. ಮದ್ದು ನುಂಗಬೇಕಾದವರು ರೋಗಿ, ಪಥ್ಯ ಹಿಡಿಯಬೇಕಾದವರೂ ರೋಗಿಯೇ. ಇದಕ್ಕೆ ತಿರುವುಮುರುವಾದ ಒಂದು ಪರಂಪರೆ ಜಗತ್ತಿನಲ್ಲಿದೆ. ಅಲ್ಲಿ ರೋಗಿ ಸುಮ್ಮನೆ ಮಲಗಿರುತ್ತಾರೆ. ವೈದ್ಯರೇ ಅವರ ಪರವಾಗಿ ಹಾಡಿ, ಕುಣಿದು, ಬೆವರಿಳಿಸಿ, ಕಣ್ಣಿಗೆ ಕಾಣದ ಲೋಕಕ್ಕೆ ಹೋಗಿ ಬರುತ್ತಾರೆ. ಅಂಥವರನ್ನು ಶಾಮನ್ ಎನ್ನುತ್ತಾರೆ. ಇಂದಿನ ನನ್ನ ಮಾತು ಅವರನ್ನು ಕುರಿತದ್ದು.

ಈ ಪದ ಸೈಬೀರಿಯಾದ ಕಾಡುಗಳಲ್ಲಿ ಹಿಮಸಾರಂಗಗಳನ್ನು ಸಾಕುವ ಎವೆಂಕಿ ಜನರದು. 17ನೇ ಶತಮಾನದಲ್ಲಿ ರಷ್ಯನ್ನರ ಮೂಲಕ ಅದು ಹೊರಜಗತ್ತಿಗೆ ಬಂದಿತು. ಕನ್ನಡದ ಕಿವಿಗೆ ‘ರೋಗಶಮನ’ ನೆನಪಾದರೂ ಅದು ಧ್ವನಿಯ ಹೋಲಿಕೆಯಷ್ಟೆ. ಸಂಸ್ಕೃತದ ‘ಶ್ರಮಣ’ವೇ ಇದರ ಮೂಲವೆಂಬ ಊಹೆಯೊಂದು ಇದೆಯಾದರೂ ಅದನ್ನು ಎಲ್ಲ ಭಾಷಾವಿಜ್ಞಾನಿಗಳೂ ಒಪ್ಪಿಲ್ಲ. ಡಚ್ ವಿದ್ವಾಂಸ ನಿಕೋಲಾಸ್ ವಿಟ್ಸೆನ್ 1692ರ ತಮ್ಮ ಗ್ರಂಥದಲ್ಲಿ ಕೊಂಬು ತೊಟ್ಟು ಡೋಲು ಹಿಡಿದ ಶಾಮನ್ ಒಬ್ಬರ ಚಿತ್ರ ಕೊಟ್ಟು, ಅವರನ್ನು ಸೈತಾನನ ಪೂಜಾರಿ ಎಂದು ಕರೆದರು. ಆ ಹಣೆಪಟ್ಟಿ ಬಹುಕಾಲ ಅಳಿಯಲಿಲ್ಲ.

ಸೈಬೀರಿಯಾದಲ್ಲಿ ಈ ವೃತ್ತಿಯನ್ನು ಬಯಸಿ ಪಡೆದವರು ಕಡಿಮೆ. ಹರೆಯದಲ್ಲಿ ಗುಣವಾಗದ ಕಾಯಿಲೆಯೊಂದು ಹಿಡಿಯುತ್ತದೆ. ನಿದ್ದೆ ಹಾರಿಹೋಗುತ್ತದೆ, ಊಟ ಸೇರುವುದಿಲ್ಲ, ಒಬ್ಬರೇ ಕಾಡಿನಲ್ಲಿ ಅಲೆಯಬೇಕೆನಿಸುತ್ತದೆ. ಯಾಕೂತ್ ಮೊದಲಾದ ಜನರ ಶಾಮನ್ನರು ತಾವು ಆ ಕಾಲದಲ್ಲಿ ಕಂಡದ್ದನ್ನು ಹೇಳಿಕೊಂಡಿದ್ದಾರೆ: ಚೇತನಗಳು ಬಂದು ತಮ್ಮ ದೇಹವನ್ನು ತುಂಡರಿಸಿ, ಮಾಂಸವನ್ನು ಬೇಯಿಸಿ, ಎಲುಬುಗಳನ್ನು ಎಣಿಸಿ ಮತ್ತೆ ಜೋಡಿಸಿದವು ಎಂದು. ಕರೆಯನ್ನು ಒಪ್ಪಿಕೊಂಡರೆ ಬದುಕು, ಒಲ್ಲೆನೆಂದರೆ ಹುಚ್ಚು ಅಥವಾ ಸಾವು ಎಂಬುದು ಅವರ ನಂಬಿಕೆ. ಹೀಗೆ, ಇನ್ನೊಬ್ಬರ ಹಾಸಿಗೆಯ ಬಳಿ ಕೂರುವ ಮೊದಲು ತಾನೇ ಹಾಸಿಗೆ ಹಿಡಿದು ಎದ್ದವರು ಅವರು. ಆ ಮೇಲೆ ಹಿರಿಯ ಶಾಮನ್ನರ ಜೊತೆಗಿದ್ದು ಹಾಡು, ವಂಶಾವಳಿ, ಚೇತನಗಳ ಹೆಸರುಗಳನ್ನು ವರ್ಷಗಟ್ಟಲೆ ಕಲಿಯಬೇಕು. ಇದು ಗಂಡಸರಿಗೆ ಮೀಸಲಾದ ಕೆಲಸವೂ ಅಲ್ಲ. ಕೊರಿಯಾದಲ್ಲಂತೂ ಇವರಲ್ಲಿ ಹೆಚ್ಚಿನವರು ಹೆಂಗಸರೇ.

ಕಾಯಿಲೆಗೆ ಇವರು ಕೊಡುವ ಕಾರಣಗಳು ಮುಖ್ಯವಾಗಿ ಎರಡು. ಹೊರಗಿನದೇನೋ ದೇಹವನ್ನು ಹೊಕ್ಕಿರಬೇಕು, ಇಲ್ಲವೇ ಒಳಗಿನ ಜೀವ ಎಲ್ಲೋ ಕಳೆದುಹೋಗಿರಬೇಕು. ಹೊಕ್ಕದ್ದನ್ನು ಹೀರಿ ತೆಗೆಯಬೇಕು; ಕಳೆದುಹೋದದ್ದನ್ನು ಹುಡುಕಿ ತರಬೇಕು. ಹುಡುಕಲು ಹೊರಡುವವರಿಗೆ ವಾಹನ ಬೇಕಲ್ಲ, ಅದು ಡೋಲು. ಮರದ ಬಳೆಗೆ ಒಂದೇ ಬದಿ ಜಿಂಕೆಯ ಅಥವಾ ಹಿಮಸಾರಂಗದ ಚರ್ಮ ಬಿಗಿದು ಮಾಡಿದ ಆ ಡೋಲನ್ನು ಬೆಂಕಿಯ ಬಳಿ ಕಾಯಿಸಿ ಚರ್ಮವನ್ನು ಬಿಗಿಗೊಳಿಸುತ್ತಾರೆ. ಬಾರಿಸುತ್ತಾ ಹೋದಂತೆ ಡೋಲೇ ಕುದುರೆಯಾಗುತ್ತದೆ ಅಥವಾ ಸಾರಂಗವಾಗುತ್ತದೆ, ಬಾರಿಸುವ ಕೋಲು ಚಾವಟಿಯಾಗುತ್ತದೆ. ದಕ್ಷಿಣ ಸೈಬೀರಿಯಾದ ಆಲ್ತಾಯ್ ಸೀಮೆಯಲ್ಲಿ ಹೊಸ ಡೋಲಿಗೆ ಜೀವ ತುಂಬುವ ವಿಧಿಯೇ ಇತ್ತು. ಯಾವ ಪ್ರಾಣಿಯ ಚರ್ಮವನ್ನು ಬಿಗಿದಿದ್ದಾರೋ ಆ ಪ್ರಾಣಿ ಶಾಮನ್ನರ ಬಾಯಿಂದ ತನ್ನ ಹುಟ್ಟನ್ನೂ, ಬಾಳನ್ನೂ, ಬೇಟೆಗಾರನ ಕೈಯಲ್ಲಿ ಸತ್ತ ಬಗೆಯನ್ನೂ ಹೇಳುತ್ತಿತ್ತು. ತನ್ನ ಉಪಕರಣಕ್ಕಾಗಿ ಸತ್ತ ಪ್ರಾಣಿಯ ಮಾತನ್ನು ಮೊದಲು ಕೇಳಿಸಿಕೊಳ್ಳುವ ಈ ಸೌಜನ್ಯ ನನ್ನನ್ನು ಬಹಳವಾಗಿ ತಟ್ಟಿದೆ.

ಪಯಣ ನಡೆಯುವುದು ಸಾಮಾನ್ಯವಾಗಿ ರಾತ್ರಿ, ಬಂಧುಗಳೂ ನೆರೆಯವರೂ ತುಂಬಿದ ಗುಡಾರದಲ್ಲಿ. ಎಲ್ಲಿಗೆ ಬಂದೆ, ಯಾರು ಎದುರಾದರು, ಜೀವವನ್ನು ಬಿಟ್ಟುಕೊಡಲು ಏನು ಕೇಳುತ್ತಿದ್ದಾರೆ ಎಂಬುದನ್ನೆಲ್ಲ ಶಾಮನ್ನರು ಹಾಡಿನಲ್ಲಿ ಹೇಳುತ್ತಾ ಹೋಗುತ್ತಾರೆ, ಕೂತವರು ದನಿಗೂಡಿಸುತ್ತಾರೆ. ರೋಗಿಯೊಬ್ಬರಿಗಾಗಿ ಇಡೀ ಬಳಗ ಒಂದು ರಾತ್ರಿಯ ನಿದ್ದೆಗೆಡುತ್ತದೆ. ಮದ್ದಿನ ಗುಣವನ್ನು ಎಲ್ಲಿ ಹುಡುಕಬೇಕೆಂದು ನನ್ನನ್ನು ಕೇಳಿದರೆ ಮೊದಲು ಇಲ್ಲಿ ಹುಡುಕಿ ಎಂದೇನು.

ಪನಾಮಾದ ಗುನಾ ಜನರಲ್ಲಿ ಕಷ್ಟದ ಹೆರಿಗೆಗೆಂದೇ ಒಂದು ದೀರ್ಘ ಹಾಡಿದೆ. ಅದರ ಸಾಲುಗಳು 500ಕ್ಕೂ ಹೆಚ್ಚು. ಹಾಡುವವರು ಬಸುರಿಯ ಮೈ ಮುಟ್ಟುವುದಿಲ್ಲ, ಮದ್ದು ಕೊಡುವುದಿಲ್ಲ. ಕೋಕೋ ಬೀಜಗಳ ಹೊಗೆ ಹಾಕಿ, ಮರದ ಪುಟ್ಟ ಗೊಂಬೆಗಳಲ್ಲಿ ನೆಲೆಸಿದ ಸಹಾಯಕ ಚೇತನಗಳನ್ನು ಕರೆದು, ಸೂಲಗಿತ್ತಿ ಗಾಬರಿಗೊಂಡು ತಮ್ಮ ಮನೆಗೆ ಓಡಿ ಬಂದ ಕ್ಷಣದಿಂದ ಕಥೆಯನ್ನು ಹೆಜ್ಜೆಹೆಜ್ಜೆಯಾಗಿ ಹಾಡುತ್ತಾರೆ. ಗರ್ಭವನ್ನು ಆಳುವ ಮೂ ಎಂಬ ಶಕ್ತಿ ಹಿಡಿದಿಟ್ಟುಕೊಂಡ ಜೀವವನ್ನು ಅವಳಿಂದ ಬಿಡಿಸಿ ತರುತ್ತಾರೆ. ಅರ್ಥವಿಲ್ಲದ ನೋವಿಗೆ ಈ ಹಾಡು ಒಂದು ಕಥೆ ಕೊಟ್ಟು ಅದನ್ನು ಸಹಿಸುವಂತೆ ಮಾಡುತ್ತದೆ ಎಂದು ಮಾನವಶಾಸ್ತ್ರಜ್ಞ ಕ್ಲೋಡ್ ಲೆವಿ ಸ್ಟ್ರಾಸ್ 1949ರಲ್ಲಿ ವಾದಿಸಿದರು. ಹಾಡಿನ ಭಾಷೆ ದಿನಬಳಕೆಯದಲ್ಲ, ಬಸುರಿಗೆ ಅದೆಷ್ಟು ತಿಳಿದೀತು ಎಂಬ ಆಕ್ಷೇಪ ಮುಂದೆ ಬಂದಿತು. ಆಕ್ಷೇಪ ಸರಿಯಾದದ್ದೇ. ಆದರೂ ತನಗಾಗಿ ಒಬ್ಬರು ಗಂಟೆಗಟ್ಟಲೆ ದಣಿಯುತ್ತಿದ್ದಾರೆ ಎಂಬುದು ತಿಳಿಯಲು ಭಾಷೆ ಬೇಕಾಗಿಲ್ಲ.

ಮೋಸದ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಕೆನಡಾದ ಪಶ್ಚಿಮ ಕರಾವಳಿಯ ಕ್ವೆಸಾಲಿಡ್ ಎಂಬವರ ಆತ್ಮಕಥನವನ್ನು ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ದಾಖಲಿಸಿದ್ದಾರೆ. ಶಾಮನ್ನರ ಗುಟ್ಟನ್ನು ಬಯಲಿಗೆಳೆಯಲೆಂದೇ ಅವರು ಶಿಷ್ಯರಾಗಿ ಸೇರಿದರು. ಬಾಯಿಯ ಮೂಲೆಯಲ್ಲಿ ಹಕ್ಕಿಯ ನಯವಾದ ಪುಕ್ಕವನ್ನು ಅಡಗಿಸಿಟ್ಟು, ಅದನ್ನು ತಮ್ಮದೇ ರಕ್ತದಲ್ಲಿ ತೋಯಿಸಿ, ಹೀರಿ ತೆಗೆದ ರೋಗವಿದು ಎಂದು ತೋರಿಸುವುದನ್ನು ಕಲಿತರು. ಆದರೆ ಅವರನ್ನೇ ವೈದ್ಯರಾಗಿ ಕನಸಿನಲ್ಲಿ ಕಂಡಿದ್ದ ರೋಗಿ ಗುಣವಾದರು, ಹೆಸರು ಹರಡಿತು, ಬರಬರುತ್ತಾ ಅವರ ಸಂಶಯವೂ ಮೊದಲಿನಷ್ಟು ಹರಿತವಾಗಿ ಉಳಿಯಲಿಲ್ಲ. ಕೈಚಳಕವೂ ಗುಣವೂ ಒಂದೇ ಕೈಯಲ್ಲಿ ಇರಬಲ್ಲವು ಎಂಬುದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗಲಿಲ್ಲ. ಮಿತಿಯೂ ಇತ್ತು. 17ನೇ ಶತಮಾನದಲ್ಲಿ ಹೊರಗಿನವರೊಡನೆ ಸಿಡುಬು ಸೈಬೀರಿಯಾಕ್ಕೆ ಬಂದಾಗ ಯಾವ ಡೋಲೂ ಅದನ್ನು ತಡೆಯಲಿಲ್ಲ. ಹುಣ್ಣಾದ ಕರುಳಿಗೂ ಮುರಿದ ಎಲುಬಿಗೂ ಬೇಕಾದದ್ದು ಬೇರೆಯದೇ ಚಿಕಿತ್ಸೆ.

ಹೊರಗಿನವರ ಕುತೂಹಲ ಎಷ್ಟು ಕ್ರೂರವಾಗಬಹುದೆಂಬುದಕ್ಕೆ ಮೆಕ್ಸಿಕೋದ ಮಾಸಾಟೆಕ್ ಜನರ ವೈದ್ಯೆ ಮರಿಯಾ ಸಬೀನಾ ಅವರ ಬಾಳೇ ಸಾಕ್ಷಿ. ರೋಗದ ಕಾರಣ ತಿಳಿಯಲು ಅವರು ರಾತ್ರಿಯಿಡೀ ಹಾಡುತ್ತಾ ಪವಿತ್ರವೆಂದು ಭಾವಿಸಿದ, ಮತ್ತೇರಿಸಿ ದರ್ಶನ ತರುವ ಅಣಬೆಗಳನ್ನು ಬಳಸುತ್ತಿದ್ದರು. 1957ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಆ ಅಣಬೆಯ ಕುರಿತ ಲೇಖನ ಬಂದ ಮೇಲೆ ಅನುಭವ ಅರಸುವವರು ಅವರ ಹಳ್ಳಿಗೆ ಮುಗಿಬಿದ್ದರು. ಪೊಲೀಸರು ಬಂದರು, ಊರವರು ಸಿಟ್ಟಾದರು, ಅವರ ಮನೆ ಸುಟ್ಟುಹೋಯಿತು. ರೋಗಿಯೇ ಇಲ್ಲದೆ ಅಣಬೆಯನ್ನು ಮಾತ್ರ ಬಯಸಿ ಬಂದವರಿಗೆ ಅವರ ಹಾಡು ಕೇಳಿಸಿತೋ ಇಲ್ಲವೋ.

ಸೋವಿಯತ್ ಆಳ್ವಿಕೆಯಲ್ಲಿ, ವಿಶೇಷವಾಗಿ 1930ರ ದಶಕದಲ್ಲಿ, ಶಾಮನ್ನರನ್ನು ಜನರ ಶೋಷಕರೆಂದು ಸೆರೆಗೆ ತಳ್ಳಿದರು, ಹಲವರನ್ನು ಕೊಂದರು, ಡೋಲುಗಳನ್ನು ಕಿತ್ತುಕೊಂಡರು. ಸೈಬೀರಿಯಾದ ಹಲವು ಜನರಲ್ಲಿ ಶಾಮನ್ ಸತ್ತರೆ ಡೋಲಿನ ಚರ್ಮವನ್ನು ಸೀಳಿ, ಸಮಾಧಿಯ ಬಳಿಯ ಮರಕ್ಕೆ ತೂಗುಹಾಕುವುದು ವಾಡಿಕೆಯಾಗಿತ್ತು. ಒಡೆಯರೊಡನೆ ವಾಹನವೂ ಹೊರಡಬೇಕು. ವಸ್ತುಸಂಗ್ರಹಾಲಯಗಳ ಗಾಜಿನೊಳಗೆ ಇಂದು ಚರ್ಮ ಸೀಳದೆ ಉಳಿದಿರುವ ಡೋಲುಗಳಿಗೆ ಆ ಬೀಳ್ಕೊಡುಗೆ ದೊರೆಯಲಿಲ್ಲ. 1990ರ ದಶಕದ ಆರಂಭದಲ್ಲಿ ಸೈಬೀರಿಯಾದ ತುವಾ ಗಣರಾಜ್ಯದ ಶಾಮನ್ನರು ಮತ್ತೆ ಒಂದು ಸಂಘ ಕಟ್ಟಿಕೊಂಡರು. ಅದಕ್ಕೆ ಅವರು ಇಟ್ಟ ಹೆಸರು ದುಂಗುರ್. ತುವಾ ಭಾಷೆಯಲ್ಲಿ ಅದರ ಅರ್ಥ ಡೋಲು.

ನಮಸ್ಕಾರ.