ದ್ವೀಪಕ್ಕೆ ಹೋಗುವ ದಿನ ನಮ್ಮದು, ಬರುವ ದಿನ ಕಡಲಿನದು

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮಲ್ಪೆಯಲ್ಲಿದ್ದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ. ಆದರೂ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಬಿಟ್ಟಿರಲಿಲ್ಲ. ದಾವಣಗೆರೆ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದ ಒಂದು ಕುಟುಂಬ ಟಿಕೆಟ್ ಕೌಂಟರ್ ಎದುರು ನಿಂತು ಕೇಳುತ್ತಿತ್ತು: “ಮಳೀನೇ ಇಲ್ಲ, ಬೋಟ್ ಯಾಕ್ ಬಿಡಂಗಿಲ್ರೀ?” ಅವರ ಸಣ್ಣ ಮಗಳು ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬ್ ಹಾಕಿಕೊಂಡೇ ಮರಳಿನ ಮೇಲೆ ಕೂತಿದ್ದಳು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಸರಿಯಾಗಿ ಬಿಡಿಸಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಇವತ್ತು ಈ ವಿಷಯ ಎತ್ತಿಕೊಂಡಿದ್ದೇನೆ.

ನೋಡಿ, ಬೋಟು ನಿಲ್ಲುವುದು ಮಳೆಗಲ್ಲ. ಗಾಳಿಗೆ, ಅಲೆಗೆ. ಗಾಳಿ ಇಲ್ಲೇ ಬೀಸಬೇಕು ಅಂತಲೂ ಇಲ್ಲ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಬಿರುಗಾಳಿ ಎದ್ದರೆ, ಅಲ್ಲಿಂದ ಹೊರಟ ಅಲೆ ಕೆಲವು ದಿನ ಬಿಟ್ಟು ನಮ್ಮ ದಡಕ್ಕೆ ಬಂದು ಹೊಡೆಯುತ್ತದೆ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಏಪ್ರಿಲ್-ಮೇ ತಿಂಗಳಲ್ಲಿ, ಅಂದರೆ ಸರಿಯಾಗಿ ಶಾಲೆಗೆ ರಜೆ ಇರುವಾಗಲೇ, ಇದರ ಕಾಟ ಜಾಸ್ತಿ.

ಮಲ್ಪೆಯಿಂದ ದ್ವೀಪ ಬರೀ ಆರೇಳು ಕಿಲೋಮೀಟರ್. ಕಷ್ಟ ಇರುವುದು ದಾರಿಯಲ್ಲಿ ಅಲ್ಲ, ಇಳಿಯುವಲ್ಲಿ. ಒಂದು ಅಲೆಗೆ ಬೋಟು ಮೇಲೆ ಹೋಗುತ್ತದೆ, ಮರುಕ್ಷಣ ಕೆಳಗೆ ಕೂರುತ್ತದೆ. ನಿಮ್ಮ ಒಂದು ಕಾಲು ಬೋಟಲ್ಲಿ, ಇನ್ನೊಂದು ಹೊರಗೆ, ಕೈಯಲ್ಲಿ ಮಗು. ಅಂಥ ದಿನ ಬೋಟು ಬಿಡುವುದಿಲ್ಲ ಅಂದವರ ಮೇಲೆ ಸಿಟ್ಟು ಮಾಡಬೇಡಿ. ಅವರೂ ಆ ದಿನದ ಸಂಪಾದನೆ ಬಿಟ್ಟು ಕೂತಿರುತ್ತಾರೆ.

ಆದ್ದರಿಂದ ಹೊರಡುವ ಮುಂಚೆ ಮೊಬೈಲಲ್ಲಿ ಬರೀ ಸೂರ್ಯ, ಮೋಡದ ಚಿತ್ರ ನೋಡಿದರೆ ಸಾಲದು. ಗಾಳಿಯ ವೇಗ ನೋಡಿ, ಅಲೆಯ ಎತ್ತರ ನೋಡಿ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಕರಾವಳಿಗೆ ಅಲೆಯ ಮುನ್ಸೂಚನೆ ಕೊಡುತ್ತದೆ. ಅದು ಮೀನುಗಾರರಿಗೆ ಮಾತ್ರ ಅಲ್ಲ, ನಮಗೂ ಹೌದು. ಬಂದರಿನಲ್ಲಿ ಮೂರನೇ ನಂಬರ್ ಸಿಗ್ನಲ್, ಅಂದರೆ ಕೆಟ್ಟ ಹವೆಯ ಎಚ್ಚರಿಕೆಯ ಗುರುತು, ಹಾಕಿದ್ದಾರೆ ಅಂತ ಸುದ್ದಿ ಬಂದರೆ, ಆ ದಿನ ಕೃಷ್ಣ ಮಠಕ್ಕೋ ಕಾರ್ಕಳಕ್ಕೋ ಹೋಗಿ. ಬೋಟು ಇದ್ದರೆ ಬೆಳಗಿನ ಮೊದಲನೆಯದನ್ನೇ ಹಿಡಿಯಿರಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಏರುತ್ತದೆ, ನೀರು ಕುಣಿಯಲು ಶುರುಮಾಡುತ್ತದೆ.

ಸೇಂಟ್ ಮೇರೀಸ್‌ನಲ್ಲಿ ಹೆಚ್ಚೆಂದರೆ ಒಂದು ದಿನ ಹಾಳು. ದೂರದ ದ್ವೀಪಕ್ಕೆ ಹೋದಾಗ ಇದೇ ಲೆಕ್ಕ ತಪ್ಪಿದರೆ ಮನೆಯ ಉಳಿತಾಯವೇ ಕರಗಿಹೋಗುತ್ತದೆ. ನಮ್ಮ ಅಕ್ಕನ ಮನೆಯವರಿಗೆ ಹಾಗೇ ಆಯಿತು.

ಅಕ್ಕ, ಭಾವ, ಇಬ್ಬರು ಮಕ್ಕಳು, ಅಕ್ಕನ ಅತ್ತೆ. ಒಟ್ಟು ಐದು ಜನ, ನವೆಂಬರಿನಲ್ಲಿ ಅಂಡಮಾನಿಗೆ ಹೋದರು. ಮೊದಲು ಪೋರ್ಟ್ ಬ್ಲೇರ್, ಈಗ ಅದರ ಹೆಸರು ಶ್ರೀ ವಿಜಯಪುರಂ. ಕೊನೆಯ ಎರಡು ರಾತ್ರಿ ಹ್ಯಾವ್ಲಾಕ್, ಅಂದರೆ ಸ್ವರಾಜ್ ದ್ವೀಪ. ಬೆಳಗಿನ ಹಡಗಲ್ಲಿ ವಾಪಸು ಬಂದು ಅದೇ ಮಧ್ಯಾಹ್ನ ವಿಮಾನ ಹತ್ತುವುದು ಅಂತ ಪ್ಲಾನ್. ಕಾಗದದ ಮೇಲೆ ಚೆನ್ನಾಗೇ ಕಾಣುತ್ತಿತ್ತು. ಆ ಬೆಳಿಗ್ಗೆ ಕಡಲು ಎದ್ದಿತು. ಹಡಗು ಎರಡು ದಿನ ಹೊರಡಲೇ ಇಲ್ಲ.

ಹಡಗಿನ ದುಡ್ಡು ವಾಪಸು ಬಂತು. ವಿಮಾನದ್ದು ಬರಲಿಲ್ಲ. ಯಾಕೆಂದರೆ ವಿಮಾನ ಸರಿಯಾದ ಹೊತ್ತಿಗೇ ಹಾರಿತ್ತು, ಇವರು ಅದರಲ್ಲಿ ಇರಲಿಲ್ಲ. ವಿಮಾನದವರ ಭಾಷೆಯಲ್ಲಿ ಇದು ನೋ ಶೋ. ಇದನ್ನು ಚೆನ್ನಾಗಿ ತಿಳಿದುಕೊಳ್ಳಿ: ವಿಮಾನದವರೇ ರದ್ದು ಮಾಡಿದರೆ ದುಡ್ಡು ವಾಪಸು ಕೊಡಬೇಕು, ಇಲ್ಲವೇ ಬೇರೆ ವಿಮಾನ ಕೊಡಬೇಕು. ಹಡಗು ನಿಂತು ನೀವು ತಲುಪದೆ ಹೋದರೆ ಅದು ಅವರ ಜವಾಬ್ದಾರಿ ಅಲ್ಲ. ಆದರೂ ಟಿಕೆಟ್ಟಿನೊಳಗಿನ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನು ಅವರು ಹಿಂತಿರುಗಿಸಬೇಕು ಅಂತ ನಿಯಮ ಇದೆ. ಕೇಳಿ ಪಡೆಯಿರಿ. ಭಾವ ಕೇಳಿದ ಮೇಲೇ ಅಷ್ಟಾದರೂ ಬಂದದ್ದು.

ಎರಡು ರಾತ್ರಿಯ ರೂಮು, ಊಟ, ಕೊನೇ ಗಳಿಗೆಯ ರೇಟಿನಲ್ಲಿ ಐದು ಹೊಸ ಟಿಕೆಟ್. ಅದರ ಮೇಲೆ ನೆಟ್‌ವರ್ಕ್ ಬಿದ್ದುಹೋಗಿ ಫೋನಿಂದ ದುಡ್ಡು ಕಳಿಸಲು ಆಗುತ್ತಿರಲಿಲ್ಲ. ಭಾವನ ಜೇಬಲ್ಲಿ ಇದ್ದದ್ದು 1,400 ರೂಪಾಯಿ. ಇದೆಲ್ಲಕ್ಕಿಂತ ಅಕ್ಕನಿಗೆ ಹೆದರಿಕೆ ಆದದ್ದು ಅತ್ತೆಯ ಬಿಪಿ ಮಾತ್ರೆಗೆ. ಏಳು ದಿನಕ್ಕೆ ಸರಿಯಾಗಿ ಏಳು ಮಾತ್ರೆ ಕತ್ತರಿಸಿ ತಂದಿದ್ದರು. ಆ ಖಾಲಿ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆದದ್ದನ್ನು ಅಕ್ಕ ಈಗಲೂ ಹೇಳುತ್ತಾಳೆ.

ಇದು ಅಪರೂಪಕ್ಕೆ ಒಬ್ಬರಿಗೆ ಆಗುವ ತೊಂದರೆ ಅಲ್ಲ ಮಾರಾಯ್ರೆ. 2016ರ ಡಿಸೆಂಬರಿನಲ್ಲಿ ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಕರೆದುಕೊಂಡು ಬರಲು ನೌಕಾಪಡೆಯ ಹಡಗುಗಳೇ ಹೋದವು. ನಮಗೆ ದೀಪಾವಳಿ ಮುಗಿದರೆ ಮಳೆ ಮುಗಿದ ಹಾಗೆ. ಅಲ್ಲಿ ಹಾಗಲ್ಲ. ಮುಂಗಾರು ನಮಗಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೇ ಅಂಡಮಾನಿಗೆ ಬರುತ್ತದೆ. ಹಿಂಗಾರು ಮುಗಿಯುವಾಗ ಡಿಸೆಂಬರ್ ಆಗುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ತೂಫಾನಿನ ಕಾಲ. ಜನವರಿ ಮಧ್ಯದಿಂದ ಏಪ್ರಿಲ್ ಮೊದಲ ವಾರಗಳವರೆಗೆ ಹೋಗುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನವೆಂಬರಿನಲ್ಲಿ ಟಿಕೆಟ್ ಸ್ವಲ್ಪ ಅಗ್ಗ ಸಿಕ್ಕರೆ, ಉಳಿದ ಆ ದುಡ್ಡು ಖರ್ಚು ಮಾಡುವುದಕ್ಕಲ್ಲ, ಎತ್ತಿಡುವುದಕ್ಕೆ.

ನಾನು ಹೇಳುವುದು ಇಷ್ಟೇ. ದೂರದ ದ್ವೀಪ ಮೊದಲು ನೋಡಿ, ವಿಮಾನ ನಿಲ್ದಾಣ ಇರುವ ಊರು ಕೊನೆಗೆ. ಕೊನೆಯ ಒಂದು ರಾತ್ರಿ, ಸಾಧ್ಯವಾದರೆ ಎರಡು, ಆ ಊರಲ್ಲೇ ಇರಲಿ. ಅದಕ್ಕೆ ಒಂದು ಪೈಸೆ ಜಾಸ್ತಿ ಬೇಕಾಗಿಲ್ಲ, ದಿನಗಳನ್ನು ಹಿಂದೆ ಮುಂದೆ ಮಾಡಿದರೆ ಸಾಕು. ಎರಡು ದಿನದ ರೂಮು ಮತ್ತು ಊಟದ ಖರ್ಚನ್ನು ನೋಟಿನಲ್ಲೇ, ಚಿಲ್ಲರೆ ಸೇರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಬ್ಬರ ಬ್ಯಾಗಿನಲ್ಲಿ ಹಂಚಿ ಇಡಿ. ಮಾತ್ರೆ ಮೂರು ದಿನಕ್ಕೆ ಜಾಸ್ತಿ. ಪ್ರಯಾಣದ ಇನ್ಶೂರೆನ್ಸ್ ಮಾಡಿಸುವುದಾದರೆ ಟಿಕೆಟ್ ಮಾಡಿದ ದಿನವೇ ಮಾಡಿಸಿ. ಹವಾಮಾನದಿಂದ ಹಡಗು ತಪ್ಪಿದರೆ ಕೊಡುತ್ತಾರಾ ಅಂತ ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಲಕ್ಷದ್ವೀಪಕ್ಕೆ ಹೋಗುವವರೂ ಈಗ ಜಾಸ್ತಿ. ಅಲ್ಲಿನ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗ ಹೋಗಲು ಪರ್ಮಿಟ್ ಬೇಕು. ಪರ್ಮಿಟ್ ಕೈಗೆ ಬರುವ ಮೊದಲು ರೂಮಿಗೆ ಪೂರ್ತಿ ಹಣ ಕಟ್ಟಬೇಡಿ.

ಮೊನ್ನೆ ನಮ್ಮ ಚಿಕ್ಕಪ್ಪನ ಮಗ ಫೆಬ್ರವರಿಯ ಅಂಡಮಾನ್ ಪ್ಲಾನ್ ಕಳಿಸಿದ್ದ. ಅವನದ್ದೂ ಹ್ಯಾವ್ಲಾಕ್ ಕೊನೆಗೇ ಇತ್ತು. ಟಿಕೆಟ್ ಇನ್ನೂ ಮಾಡಿರಲಿಲ್ಲ. ಫೋನಲ್ಲೇ ಕೂತು ಎರಡು ಊರನ್ನು ಅದಲು ಬದಲು ಮಾಡಿದೆವು. ಹತ್ತು ನಿಮಿಷ ಹಿಡಿಯಿತು.