ದಾರಿಯಿಲ್ಲದ ನೆಲಕ್ಕೊಂದು ಪದ

ಶ್ರೋತೃಗಳಿಗೆ ನಮಸ್ಕಾರ. ಇಂಗ್ಲಿಷಿನಲ್ಲಿ ‘ಇನ್ವಿಯಸ್’ ಎಂಬುದೊಂದು ಪದವಿದೆ. ದಾರಿಯಿಲ್ಲದ್ದು, ಜಾಡೇ ಬಿದ್ದಿರದಂಥದು ಎಂದು ಅದರ ಅರ್ಥ. 17ನೆಯ ಶತಮಾನದ ಇಂಗ್ಲಿಷ್ ಬರಹದಲ್ಲಿ ಕಾಣಸಿಗುವ ಈ ಪದವನ್ನು ಇಂದು ಹುಡುಕಬೇಕೆಂದರೆ ದೊಡ್ಡ ನಿಘಂಟನ್ನೇ ತೆರೆಯಬೇಕು.

ಇದರ ತವರು ಲ್ಯಾಟಿನ್. ಅಲ್ಲಿ ‘ವಿಯಾ’ ಎಂದರೆ ದಾರಿ. ‘ಇನ್’ ಎಂಬುದು ನಮ್ಮ ‘ನಿರ್’ನಂತೆ ಇಲ್ಲವೆನ್ನುವ ಉಪಸರ್ಗ. ಕ್ರಿ.ಪೂ. 312ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿ ರೋಮಿನಿಂದ ಕಾಪುವಾ ನಗರದ ಕಡೆಗೆ ಹಾಕಿಸಿದ ಹೆದ್ದಾರಿ ಜೌಗುನೆಲವನ್ನು ಸೀಳಿಕೊಂಡು ನೇರವಾಗಿ ಸಾಗುತ್ತಿತ್ತು. ಉಳಿದಿರುವ ಅದರ ತುಂಡುಗಳಲ್ಲಿ, ಒಂದಕ್ಕೊಂದು ಒತ್ತಿ ಕೂರಿಸಿದ ಕಪ್ಪು ಕಲ್ಲುಗಳು ಸವೆದು ನುಣುಪಾಗಿವೆ, ಅಲ್ಲಲ್ಲಿ ಗಾಡಿಚಕ್ರ ಕೊರೆದ ಗೆರೆಗಳೂ ಕಾಣುತ್ತವೆ. ಇಂಥ ದಾರಿಯ ಅಂಚಿನಲ್ಲಿ ನಿಂತು ಆಚೆಯ ಕೆಸರನ್ನು ನೋಡಿದವನಿಗೇ ‘ದಾರಿಯಿಲ್ಲದ್ದು’ ಎಂಬ ಮಾತಿನ ತೂಕ ತಿಳಿದೀತು.

ಬೈಬಲಿನ 107ನೆಯ ಕೀರ್ತನೆಯಲ್ಲಿ ದೇವರು ಅಧಿಪತಿಗಳನ್ನು ದಾರಿಯಿಲ್ಲದ ಕಡೆ ಅಲೆಸುತ್ತಾನೆ. ಲ್ಯಾಟಿನ್ ಬೈಬಲ್ ಅಲ್ಲಿ ಇದೇ ಪದವನ್ನು ಬಳಸಿದರೆ, 1611ರ ಇಂಗ್ಲಿಷ್ ಅನುವಾದಕರು ‘ವಿಲ್ಡರ್‌ನೆಸ್’ ಎಂದು ಬರೆದರು. ವಿಲ್ಡರ್‌ನೆಸ್ ಎಂಬುದರ ಮೂಲದಲ್ಲಿರುವುದು ಕಾಡುಮೃಗ. ಅದು ಅಲ್ಲಿ ಏನಿದೆ ಎಂಬುದನ್ನು ಹೇಳುತ್ತದೆ; ಇನ್ವಿಯಸ್ ಏನಿಲ್ಲ ಎಂಬುದನ್ನು ಮಾತ್ರ. ಮೃಗಗಳಿರುವಲ್ಲಿ ಅವುಗಳ ಜಾಡಾದರೂ ಇರುತ್ತದೆಯಲ್ಲವೇ? ಈ ಕಟ್ಟುನಿಟ್ಟಿಗಾಗಿಯೇ ನನಗೆ ಇನ್ವಿಯಸ್ ಬಲು ಮೆಚ್ಚು.

ಇದರ ಕೆಲವು ಒಡಹುಟ್ಟುಗಳು ಇಂದಿಗೂ ಬಳಕೆಯಲ್ಲಿವೆ. ‘ಆಬ್ವಿಯಸ್’ ದಾರಿಯಲ್ಲಿ ಎದುರಾದದ್ದು, ಹಾಗಾಗಿ ಸ್ಪಷ್ಟವಾದದ್ದು. ‘ಪ್ರೀವಿಯಸ್’ ದಾರಿಯಲ್ಲಿ ಮುಂದೆ ಹೋದದ್ದು. ‘ಡೀವಿಯಸ್’ ದಾರಿ ಬಿಟ್ಟದ್ದು, ಅಂದರೆ ನಾವು ಅಡ್ಡದಾರಿ ಹಿಡಿದವನೆಂದು ಬೈಯುವಾಗ ಹೇಳುವ ಅದೇ ಅರ್ಥ. ಆದರೆ ಇವನ್ನು ಆಡುವವರ ಮನಸ್ಸಿನಲ್ಲಿ ದಾರಿಯ ಚಿತ್ರ ಮೂಡುವುದೇ ಅಪರೂಪ. ದಾರಿಯನ್ನು ಮರೆಯದ ಇನ್ವಿಯಸ್ಸೇ ಮೂಲೆಗುಂಪಾದದ್ದು ನನಗೆ ನೋವಿನ ಸಂಗತಿ.

ನಮ್ಮಲ್ಲಿ ‘ದುರ್ಗ’ಕ್ಕೆ ಈ ಗತಿ ಬರಲಿಲ್ಲ. ಹೋಗಲು ಕಷ್ಟವಾದದ್ದು ಎಂಬ ಅರ್ಥದ ಆ ಸಂಸ್ಕೃತ ಪದ, ಶತ್ರು ಸುಲಭವಾಗಿ ಏರಲಾರದ ಬೆಟ್ಟಕ್ಕೂ ಅದರ ಮೇಲಿನ ಕೋಟೆಗೂ ಹೆಸರಾಯಿತು. ಚಿತ್ರದುರ್ಗದ ಬಂಡೆಗಳಲ್ಲಿ ಮೆಟ್ಟಿಲು ಕಡಿದು ಶತಮಾನಗಳೇ ಕಳೆದಿವೆ, ಊರಿನ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿದೆ; ಸುತ್ತಲಿನ ಹಳ್ಳಿಯವರು ಮಾತ್ರ ಬಸ್ ಹತ್ತುವಾಗ ಇಂದಿಗೂ ‘ದುರ್ಗಕ್ಕೆ ಹೋಗಿ ಬರುತ್ತೇವೆ’ ಎನ್ನುತ್ತಾರೆ.