ಸ್ಟೆಪ್ಸ್ ಸರ್, ಸ್ಟೆಪ್ಸ್!

ಬೂದು ಬಣ್ಣದ ಟೀ ಶರ್ಟ್ ಹಾಕ್ಕೊಂಡು ವಿಸಲ್ ಕಚ್ಕೊಂಡು ಓಡ್ತಿರೋ ರೆಫ್ರಿ ನಾನು. ಮೈಸೂರಲ್ಲಿ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಟೂರ್ನಮೆಂಟು, ಸಿಮೆಂಟ್ ಕೋರ್ಟು, ನೆತ್ತಿ ಸುಡೋ ಬಿಸಿಲು. ಕ್ಯಾಮೆರಾ ಹಿಡಿದಿರೋನು ನನ್ನ ತಮ್ಮ. ಬಾಲ್ ಒಂದು ಕಡೆ ಇದ್ರೆ ಅವನ ಕ್ಯಾಮೆರಾ ಇನ್ನೊಂದು ಕಡೆ ಇರುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ. ಸೌಂಡ್ ಮಾತ್ರ ಚೆನ್ನಾಗಿ ಬಂದಿದೆ. ಕೇಳಿಸ್ಕೊಳ್ಳಿ: "ಸ್ಟೆಪ್ಸ್ ಸರ್! ಸ್ಟೆಪ್ಸ್!" ಬಾಲ್ ಹಿಡ್ಕೊಂಡು ಎರಡಕ್ಕಿಂತ ಜಾಸ್ತಿ ಹೆಜ್ಜೆ ಇಟ್ಟ, ಅಂದ್ರೆ ಟ್ರಾವೆಲ್ ಅಂತ ಇಡೀ ಬೆಂಚು ಎದ್ದು ನಿಂತಿದೆ. ನಾನು ಊದಲಿಲ್ಲ.

ಯಾಕೆ ಊದಲಿಲ್ಲ ಅಂತ ಸ್ಲೋ ಮೋಷನ್‌ನಲ್ಲಿ ತೋರಿಸ್ತೀನಿ. ಹುಡುಗ ಡ್ರಿಬಲ್ ಮಾಡ್ಕೊಂಡು, ಅಂದ್ರೆ ಬಾಲ್ ಪುಟಿಸ್ತಾ, ಒಳಗೆ ನುಗ್ತಾನೆ. ಬಾಲ್ ಪುಟಿದು ಮೇಲೆ ಬಂತು, ಎರಡೂ ಕೈಗೆ ಸಿಕ್ತು. ಇಲ್ಲಿ ನಿಲ್ಸಿ. ಆ ಕ್ಷಣಕ್ಕೆ ಅವನ ಎಡಗಾಲು ನೆಲದ ಮೇಲೇ ಇದೆ. ಆಮೇಲೆ ಬಲಗಾಲು, ಎಡಗಾಲು, ಲೇಅಪ್, ಅಂದ್ರೆ ರಿಂಗಿನ ಹತ್ರ ಎಗರಿ ಹಾಕೋ ಶಾಟ್. ಬೆಂಚಿನವರ ಲೆಕ್ಕಕ್ಕೆ ಮೂರು, ನನ್ನ ಲೆಕ್ಕಕ್ಕೆ ಎರಡು. ಓಡ್ತಿರೋ ಆಟಗಾರನ ಹತೋಟಿಗೆ ಬಾಲ್ ಬಂದಾಗ ಯಾವ ಕಾಲು ಊರಿತ್ತೋ ಅದು ಲೆಕ್ಕಕ್ಕಿಲ್ಲ. ಅದಾದ್ಮೇಲೆ ಊರೋ ಕಾಲೇ ಮೊದಲನೇ ಸ್ಟೆಪ್. ಫೀಬಾ, ಅಂದ್ರೆ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ ನಿಯಮದಲ್ಲಿ 2017ರ ಅಕ್ಟೋಬರ್‌ನಿಂದ ಇದು ಹೀಗೇ ಇದೆ. ಹೊರಗಿರೋರು ಕಾಲನ್ನೇ ಎಣಿಸ್ತಾರೆ. ಬಾಲ್ ಕೈಗೆ ಯಾವಾಗ ಬಂತು ಅಂತ ಗೊತ್ತಿಲ್ದೆ ಎಲ್ಲಿಂದ ಎಣಿಸ್ತೀರಿ ಸ್ವಾಮಿ? ಅದಕ್ಕೇ ನನ್ನ ಕಣ್ಣು ಮೊದಲು ಕೈ ಮೇಲೆ, ಆಮೇಲೆ ಕಾಲ ಮೇಲೆ.

ಆದ್ರೆ ಓಡ್ತಾ ಪಾಸ್ ಹಿಡಿದು ಅಲ್ಲಿಂದ ಡ್ರಿಬಲ್ ಶುರು ಮಾಡ್ತಾನಲ್ಲ, ಅವನಿಗೆ ಎರಡು ಸ್ಟೆಪ್ ಇಲ್ಲ. ಎರಡನೇ ಕಾಲು ಊರೋದ್ರೊಳಗೆ ಬಾಲ್ ಕೈ ಬಿಟ್ಟಿರಬೇಕು. ಕಾಲೇಜು ಮ್ಯಾಚಲ್ಲಿ ನಾನು ಊದೋ ಟ್ರಾವೆಲ್‌ನಲ್ಲಿ ಹೆಚ್ಚಿನವು ಇವೇ. ಇವಕ್ಕೆ ಯಾರೂ ಕಿರುಚಲ್ಲ, ಯಾಕಂದ್ರೆ ಯಾರ ಕಣ್ಣಿಗೂ ಬೀಳಲ್ಲ!

ಈ ತಕರಾರು ಆಟದಷ್ಟೇ ಹಳೇದು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಡ್ರಿಬಲ್ ಅನ್ನೋದೇ ಇರಲಿಲ್ಲ. ಬಾಲ್ ಹಿಡಿದ ಜಾಗದಿಂದಲೇ ಎಸೀಬೇಕು, ಅದನ್ನ ಹಿಡ್ಕೊಂಡು ಓಡೋ ಹಾಗಿಲ್ಲ. ಜೋರಾಗಿ ಓಡ್ತಾ ಹಿಡಿದೋನು ನಿಲ್ಲೋಕೆ ಪ್ರಯತ್ನ ಪಟ್ರೆ ಅವನಿಗೆ ಸ್ವಲ್ಪ ರಿಯಾಯಿತಿ ಕೊಡಿ ಅಂತ ಅವರೇ ಸೇರಿಸಿದ್ರು. ಎಷ್ಟು ಹೆಜ್ಜೆ ಅಂತ ಮಾತ್ರ ಬರೀಲಿಲ್ಲ ಪುಣ್ಯಾತ್ಮ.

ಸರಿ, ಮುಂದಿನ ಕ್ಲಿಪ್. ಬಾಲ್ ಇವನ ತಲೆಗಿಂತ ಮೇಲೆ ಪುಟೀತು, "ಕ್ಯಾರಿ ಸರ್" ಅಂತ ಗಲಾಟೆ, ಅಂದ್ರೆ ಬಾಲನ್ನ ಕೈಯಲ್ಲಿ ಹೊತ್ಕೊಂಡ ಅಂತ. ಡ್ರಿಬಲ್ ಇಷ್ಟೇ ಎತ್ತರ ಇರಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ಬಾಲ್ ಕೈಯಲ್ಲಿ ಒಂದು ಗಳಿಗೆ ಕೂತು ವಿಶ್ರಾಂತಿ ತಗೊಂಡ್ರೆ ಡ್ರಿಬಲ್ ಮುಗೀತು, ಆಮೇಲೆ ಮತ್ತೆ ಪುಟಿಸಿದ್ರೆ ತಪ್ಪು. ಪಾಸ್ ಹಿಡಿಯೋವಾಗ ಬಾಲ್ ಜಾರಿ ನೆಲಕ್ಕೆ ಬಿದ್ದು, ಅದನ್ನ ಎತ್ಕೊಂಡು ಡ್ರಿಬಲ್ ಶುರು ಮಾಡಿದ್ರೆ ಅದು ಎರಡನೇ ಡ್ರಿಬಲ್ ಅಲ್ಲ. ಹತೋಟಿಯೇ ಇರಲಿಲ್ಲ, ಇನ್ನು ಡ್ರಿಬಲ್ ಎಲ್ಲಿಂದ ಬಂತು?

ಈಗ ಬರೋದೇ ಇವತ್ತಿನ ದೊಡ್ಡ ಜಗಳ. ನೀಲಿ ಜೆರ್ಸಿ ಹುಡುಗ ಡ್ರಿಬಲ್ ನಿಲ್ಲಿಸಿ ಶಾಟ್ ಹೊಡೆದ. ರಿಂಗಿಗೂ ತಾಗಲಿಲ್ಲ, ಬೋರ್ಡಿಗೂ ತಾಗಲಿಲ್ಲ, ಪಕ್ಕಾ ಏರ್‌ಬಾಲ್. ಓಡಿ ಹೋಗಿ ತಾನೇ ಹಿಡಿದ, ಒಂದು ಸಲ ಪುಟಿಸಿ ಬಾಸ್ಕೆಟ್ ಹಾಕ್ದ. ಎದುರು ಟೀಮಿನ ಕೋಚ್ ನನ್ನ ಹತ್ರ ಬಂದೇಬಿಟ್ರು. "ಅಲ್ಲಪ್ಪಾ, ಅವನ ಬಾಲ್ ಅವನೇ ಹಿಡಿದಾಗಲೇ ಟ್ರಾವೆಲ್ ಆಯ್ತಲ್ಲ?" ಅಂದ್ರು. ವಯಸ್ಸಲ್ಲಿ ದೊಡ್ಡೋರು, ನಾನೂ ಸಮಾಧಾನವಾಗೇ, "ಶಾಟ್ ಆಗಿತ್ತು ಸರ್" ಅಂದೆ. ಅಲ್ಲಿ ಅಷ್ಟೇ ಹೇಳೋಕೆ ಟೈಮ್ ಇರೋದು, ಉಳಿದಿದ್ದು ಇಲ್ಲಿ ಹೇಳ್ತೀನಿ.

ಕೋಚ್ ಹೇಳಿದ್ದು ಎನ್‌ಬಿಎ, ಅಂದ್ರೆ ಅಮೆರಿಕದ ವೃತ್ತಿಪರ ಲೀಗಿನ ನಿಯಮ. ಅಲ್ಲಿ ಶಾಟ್ ಹೊಡೆದೋನು ರಿಂಗಿಗೋ ಬೋರ್ಡಿಗೋ ಬೇರೆ ಆಟಗಾರನಿಗೋ ತಾಗದ ಬಾಲನ್ನ ತಾನೇ ಮೊದಲು ಮುಟ್ಟೋ ಹಾಗಿಲ್ಲ. ಟಿವಿಲಿ ನಾವೆಲ್ಲ ನೋಡೋದು ಎನ್‌ಬಿಎ, ಕೋರ್ಟಲ್ಲಿ ಆಡೋದು ಫೀಬಾ. ಫೀಬಾದಲ್ಲಿ ಶಾಟ್ ಆಗಿದ್ರೆ ಸಾಕು, ಅಲ್ಲಿಗೆ ಹತೋಟಿ ತಪ್ಪಿತು. ತಾನೇ ಹಿಡೀಬಹುದು, ಹೊಸದಾಗಿ ಡ್ರಿಬಲ್ಲೂ ಮಾಡಬಹುದು. ಅದೇ ಬಾಲನ್ನ ಡಿಫೆಂಡರ್ ತಲೆ ಮೇಲಿಂದ ತನಗೆ ತಾನೇ ಎಸ್ಕೊಂಡು, ನೆಲಕ್ಕೆ ಬೀಳೋಕೆ ಮುಂಚೆ ಹಿಡಿದಿದ್ರೆ ತಪ್ಪೇ.

ಹಾಗಾದ್ರೆ ಶಾಟ್ ಹೌದೋ ಅಲ್ವೋ ಅಂತ ಹೇಳೋರು ಯಾರು? ನಾನೇ. ಮನಸ್ಸಿನೊಳಗೆ ಏನಿತ್ತು ಅಂತ ಹೇಳೋಕೆ ನಾನೇನು ಜ್ಯೋತಿಷಿ ಅಲ್ಲ, ಆದ್ರೆ ಮೈ ಸುಳ್ಳು ಹೇಳಲ್ಲ. ಮಣಿಕಟ್ಟು ನೋಡಿ, ಪೂರ್ತಿ ಮಡಚಿದೆ. ಭುಜ ರಿಂಗಿನ ಕಡೆ ಇದೆ. ಕೈ ಬಿಟ್ಟಾಗ ಇವನ ಕಣ್ಣು ರಿಂಗ್ ಮೇಲಿತ್ತು, ಬಾಲ್ ಬೀಳೋ ಜಾಗದ ಮೇಲಲ್ಲ. ಓಡಿದ್ದು ಕೂಡ ತಡವಾಗಿ, ತಾಗಲಿಲ್ಲ ಅಂತ ಗೊತ್ತಾದ್ಮೇಲೆ. ತನಗೇ ಪಾಸ್ ಕೊಟ್ಕೊಳ್ಳೋನು ಬಾಲ್ ಬಿಡೋಕೆ ಮುಂಚೆಯೇ ಕಾಲು ಕಿತ್ತಿರ್ತಾನೆ. ಇದನ್ನೆಲ್ಲ ಒಂದೇ ಉಸಿರಲ್ಲಿ ನೋಡ್ಬೇಕು. ಕೆಲವು ಸಲ ನಿಜವಾಗ್ಲೂ ಐವತ್ತು-ಐವತ್ತು ಇರುತ್ತೆ, ಆಗ ನಾನು ಶಾಟ್ ಅಂತಲೇ ಬಿಡ್ತೀನಿ. ಇದು ನನ್ನ ಅಭಿಪ್ರಾಯ, ಒಪ್ಪದ ರೆಫ್ರಿಗಳೂ ಇದ್ದಾರೆ.

ಬೋರ್ಡಿಗೆ ಎಸೆದು ತಾನೇ ಹಿಡಿಯೋ ವಿಷಯದಲ್ಲೂ ಗೊಂದಲ ಇದೆ, ಯಾಕಂದ್ರೆ ಫೀಬಾದ ಹಳೇ ನಿಯಮ ಪುಸ್ತಕದಲ್ಲಿ ಬೇಕಂತ ಬೋರ್ಡಿಗೆ ಎಸೆದ್ರೆ ಅದು ಡ್ರಿಬಲ್ ಅಂತಿತ್ತು. ಈಗಿನ ಪುಸ್ತಕದಲ್ಲಿ ಅದು ಡ್ರಿಬಲ್ ಅಲ್ಲ. ಹಳೇ ಪುಸ್ತಕ ಓದಿದೋರು ಇನ್ನೂ ಕೂಗ್ತಾರೆ, ಕೂಗಲಿ.

ಕೊನೇ ಕ್ಷಣದ ಶಾಟ್ ಬಗ್ಗೆ ಕೇಳೋರು ತುಂಬಾ ಜನ. 1990ರ ಜನವರಿಯಲ್ಲಿ ಎನ್‌ಬಿಎಯ ನ್ಯೂಯಾರ್ಕ್ ನಿಕ್ಸ್ ಟೀಮಿನ ಟ್ರೆಂಟ್ ಟಕರ್, ಗಡಿಯಾರದಲ್ಲಿ 0.1 ಸೆಕೆಂಡ್ ಇದ್ದಾಗ ಬಾಲ್ ಹಿಡಿದು, ತಿರುಗಿ, ಹೊಡೆದು ಶಿಕಾಗೊ ಬುಲ್ಸ್‌ನ ಸೋಲಿಸಿದ್ರು. ಅಷ್ಟರಲ್ಲಿ ಅಷ್ಟೆಲ್ಲ ಮಾಡೋಕಾಗುತ್ತಾ ಅಂತ ಗಲಾಟೆಯಾಗಿ ನಿಯಮವೇ ಬಂತು. ಫೀಬಾದಲ್ಲಿ 0.3 ಇದ್ರೆ ಹಿಡಿದು ಹೊಡೀಬಹುದು, 0.2 ಅಥವಾ 0.1 ಇದ್ರೆ ಬಾಲನ್ನ ತಟ್ಟಿ ಹಾಕ್ಬೇಕು, ಇಲ್ಲಾ ನೇರ ಡಂಕ್ ಮಾಡ್ಬೇಕು, ಅಂದ್ರೆ ಎಗರಿ ರಿಂಗಿನೊಳಕ್ಕೆ ತುರುಕ್ಬೇಕು. ನಮ್ಮ ಟೇಬಲಲ್ಲಿ ಇದ್ದಿದ್ದು ಕೈಯಲ್ಲಿ ಒತ್ತೋ ಸ್ಟಾಪ್‌ವಾಚು. 0.2 ಅಂತೆ!

ಇನ್ನೊಂದು ತಮಾಷೆ ಇದೆ, ಕ್ಯಾಮೆರಾಮನ್ ಸಾಹೇಬ್ರು ಆಗ ಮಜ್ಜಿಗೆ ಕುಡಿಯೋಕೆ ಹೋಗಿದ್ರಿಂದ ವಿಡಿಯೊ ಇಲ್ಲ. ರೀಬೌಂಡ್, ಅಂದ್ರೆ ಒಳಗೆ ಬೀಳದೆ ವಾಪಸ್ ಬಂದ ಬಾಲ್, ಎಳೆಯೋ ತಳ್ಳಾಟದಲ್ಲಿ ಡಿಫೆಂಡರ್ ಕೈ ತಾಗಿ ಬಾಲ್ ಅವನದೇ ರಿಂಗಿನೊಳಗೆ ಬಿತ್ತು. ಬೇಕಂತ ಹಾಕಿದ್ರೆ ವಯಲೇಷನ್, ಅಂದ್ರೆ ನಿಯಮ ಮುರಿದ ಹಾಗೆ, ಪಾಯಿಂಟ್ ಇಲ್ಲ. ಆಕಸ್ಮಿಕ ಆದ್ರೆ ಎದುರು ಟೀಮಿಗೆ ಎರಡು ಪಾಯಿಂಟ್, ಕೋರ್ಟಲ್ಲಿರೋ ಅವರ ಕ್ಯಾಪ್ಟನ್ ಹೆಸರಿಗೆ. ಮ್ಯಾಚ್ ಮುಗಿದ್ಮೇಲೆ ಆ ಕ್ಯಾಪ್ಟನ್ ಸ್ಕೋರ್‌ಶೀಟ್ ಮೇಲೆ ಬೆರಳಿಟ್ಕೊಂಡು ಬಂದ. "ಸರ್, ಇದನ್ನ ನಾನು ಯಾವಾಗ ಹೊಡೆದೆ?"